1978ರ ಡುರಾನ್, 2002ರ ಮೇವೆದರ್: 135 ಪೌಂಡ್‌ನಲ್ಲಿ ಯಾರು ಗೆಲ್ತಾರೆ?

ಹೇಮಾವತಿ_ಜ್ಯಾಬ್ (ಹಾಸನ)

ಎನ್.ಆರ್. ಸರ್ಕಲ್ ಹತ್ತಿರದ ಚಹಾದಂಗಡಿಯಲ್ಲಿ ಈ ವಾದ ಮುಗಿಯೋ ಲಕ್ಷಣ ಕಾಣ್ತಿಲ್ಲ, ಅದಕ್ಕೇ ಇಲ್ಲಿ ಕೇಳ್ತಿದ್ದೀನಿ. ಬಾಕ್ಸಿಂಗ್‌ನ ಲೈಟ್‌ವೇಟ್ ವರ್ಗ, 135 ಪೌಂಡ್, ಅಂದ್ರೆ 61.2 ಕೆ.ಜಿ. ಒಂದು ಮೂಲೆಯಲ್ಲಿ 1978ರ ಜನವರಿಯಲ್ಲಿ ಎಸ್ಟೆಬಾನ್ ಡಿ ಹೆಸೂಸ್‌ನ 12ನೇ ಸುತ್ತಿನಲ್ಲಿ ಮುಗಿಸಿದ ರೊಬರ್ಟೊ ಡುರಾನ್. ಇನ್ನೊಂದರಲ್ಲಿ 2002ರಲ್ಲಿ ಹೋಸೆ ಲೂಯಿಸ್ ಕಾಸ್ಟಿಯೊ ಮೇಲೆ ಎರಡು ಸಲ ಗೆದ್ದ ಫ್ಲಾಯ್ಡ್ ಮೇವೆದರ್. ವಯಸ್ಸು 26, 25. ಎತ್ತರದಲ್ಲಿ ಒಂದೇ ಇಂಚು ವ್ಯತ್ಯಾಸ, ಆದರೆ ಮೇವೆದರ್ ಕೈಚಾಚು 72 ಇಂಚು, ಡುರಾನ್‌ದು 67ರ ಆಸುಪಾಸು.

"ಡುರಾನ್ ಹರಿದು ಹಾಕ್ತಾನೆ", "ಮೇವೆದರ್‌ನ ಮುಟ್ಟೋಕೂ ಆಗಲ್ಲ" ಅನ್ನೋದೆಲ್ಲ ಕೇಳಿ ಸಾಕಾಗಿದೆ. ಹೇಗೆ, ಯಾವ ಹೊಡೆತದಿಂದ, ಎಷ್ಟನೇ ಸುತ್ತಿನಲ್ಲಿ, ಅದನ್ನ ಹೇಳಿ.

ಸಕಲೇಶಪುರ_ಸೌತ್‌ಪಾ

ಹೆಸರು ಆಮೇಲೆ, ಮೊದಲು ಯಾವ ಕಾಲದ ನಿಯಮ ಅಂತ ತೀರ್ಮಾನ ಮಾಡಿ. ಎಲ್ಲರೂ "1978ರ ನಿಯಮ ಆದ್ರೆ ಡುರಾನ್, 2002ರದ್ದಾದ್ರೆ ಮೇವೆದರ್" ಅಂತ ಒಂದೇ ಏಟಿಗೆ ಹೇಳಿಬಿಡ್ತಾರೆ. ಹಾಗಿಲ್ಲ ಕಣ್ರೀ.

ಸುತ್ತಿನ ಲೆಕ್ಕ ಡುರಾನ್ ಕಡೆಗಿದೆ. ಆಗ 15 ಸುತ್ತು. 1982ರ ನವೆಂಬರ್‌ನಲ್ಲಿ ಮ್ಯಾನ್ಸಿನಿ ಜೊತೆ 14ನೇ ಸುತ್ತಿನವರೆಗೆ ಆಡಿ ಕಿಮ್ ಡುಕ್ ಕೂ ತೀರಿಕೊಂಡ ಮೇಲೆ ಡಬ್ಲ್ಯೂಬಿಸಿ (ವಿಶ್ವ ಬಾಕ್ಸಿಂಗ್ ಮಂಡಳಿ) 12ಕ್ಕೆ ಇಳಿಸಿತು, ಉಳಿದ ಸಂಸ್ಥೆಗಳೂ ಕೆಲವು ವರ್ಷಗಳಲ್ಲಿ ಅದನ್ನೇ ಮಾಡಿದವು. ಮೇವೆದರ್ 13ನೇ ಸುತ್ತಿನ ಗಂಟೆ ಕೇಳಿಯೇ ಇಲ್ಲ. ಡುರಾನ್ 1972ರಲ್ಲಿ ಬುಕ್ಯಾನನ್‌ನಿಂದ ಬೆಲ್ಟ್ ಕಿತ್ತುಕೊಂಡದ್ದೇ 13ರಲ್ಲಿ (ಕೊನೆಯ ಏಟು ಸೊಂಟದ ಕೆಳಗೆ ಬಿತ್ತು ಅನ್ನೋ ತಕರಾರು ಇವತ್ತಿಗೂ ಇದೆ, ಅದು ಬೇರೆ ಮಾತು).

ತೂಕದ ಲೆಕ್ಕ ಉಲ್ಟಾ. 1978ರಲ್ಲಿ ಪಂದ್ಯದ ದಿನವೇ ತೂಕ. ಡುರಾನ್‌ಗೆ ಆಗಲೇ 135ಕ್ಕೆ ಇಳಿಯೋದು ಕಷ್ಟ ಆಗಿತ್ತು, ಒಂದು ವರ್ಷದಲ್ಲಿ ಆ ತೂಕವನ್ನೇ ಬಿಟ್ಟ. ನೀರು ಬಿಟ್ಟು ಇಳಿಸಿದ ದೇಹಕ್ಕೆ ಅದೇ ರಾತ್ರಿ ಪೂರ್ತಿ ನೀರು ಹಿಂದಿರುಗಲ್ಲ. 9-10ನೇ ಸುತ್ತಿಗೆ ಕಾಲು ಭಾರ ಆಗುತ್ತೆ. ಮೇವೆದರ್ 130ರಿಂದ ಮೇಲೆ ಬಂದವನು, ಅವನಿಗೆ ಈ ತೊಂದರೆಯೇ ಇಲ್ಲ. ಹಿಂದಿನ ದಿನ ತೂಕ ಮಾಡೋ 2002ರ ಪದ್ಧತಿ ಬಂದರೆ ಲಾಭ ಡುರಾನ್‌ಗೆ. ಹಿಂದಿನ ದಿನ ತೂಕ ಕೊಟ್ಟ ಕಾಸ್ಟಿಯೊ ಮೇವೆದರ್ ಜೊತೆ ಆಡಿದ ರಾತ್ರಿ ಎಷ್ಟು ದಪ್ಪ ಕಾಣ್ತಿದ್ದ ಅಂತ ವಿಡಿಯೋದಲ್ಲೇ ನೋಡಿ.

ಇನ್ನು ರಿಂಗ್. ಹಗ್ಗದ ಒಳಗೆ 16 ಅಡಿ ಅಂದ್ರೆ 256 ಚದರ ಅಡಿ, 20 ಅಡಿ ಅಂದ್ರೆ 400. ಅಳತೆ ನಾಲ್ಕೇ ಅಡಿ, ಓಡೋ ಜಾಗ ಒಂದೂವರೆ ಪಟ್ಟಿಗೂ ಜಾಸ್ತಿ.

ಗಿರಿ_ಕಾರ್ನರ್ (ಚಿಕ್ಕಮಗಳೂರು)

ಮಾರಾಯ್ರೆ, ಈ ಪಂದ್ಯದ ಬೀಗದ ಕೈ ಇರೋದು 2002ರ ಏಪ್ರಿಲ್ 20ರ ರಾತ್ರಿಯಲ್ಲಿ. ತೀರ್ಪುಗಾರರು ಮೇವೆದರ್‌ಗೆ 116-111, 115-111, 115-111 ಅಂಕ ಕೊಟ್ಟರು, ಆದರೆ ತಾಗಿದ ಹೊಡೆತದ ಕಾಂಪ್ಯೂಬಾಕ್ಸ್ ಲೆಕ್ಕದಲ್ಲಿ ಕಾಸ್ಟಿಯೊ 203, ಮೇವೆದರ್ 157. ಅದು ಹೇಗಾಯ್ತು?

ಮೇವೆದರ್ ನಿಲುವು ನೋಡಿ. ಎಡಗೈ ಹೊಟ್ಟೆಗೆ ಅಡ್ಡ, ಎಡಭುಜ ಗಲ್ಲದವರೆಗೆ ಮೇಲೆ, ಬಲಗೈ ಕೆನ್ನೆ ಪಕ್ಕ, ಭಾರ ಹಿಂದಿನ ಕಾಲಿನ ಮೇಲೆ. ಎದುರಾಳಿ ಬಲಗೈ ನೇರ ಹೊಡೆದರೆ ಸೊಂಟ ತಿರುಗುತ್ತೆ, ಹೊಡೆತ ಭುಜದ ಮೇಲೆ ಜಾರಿ ಹೋಗುತ್ತೆ, ಅದೇ ತಿರುವು ವಾಪಸ್ ಬರುವಾಗ ಅವನ ಬಲಗೈ ಮುಖಕ್ಕೆ ಬರುತ್ತೆ. ಬಲಗೈಯಿಂದ ಶುರು ಮಾಡಿದವರೆಲ್ಲ ಹೀಗೇ ತಿಂದಿದ್ದಾರೆ.

ಆದರೆ ಆ ನಿಲುವಿನಲ್ಲಿ ಬಲಗೈಗೆ ಕೆಲಸ ಜಾಸ್ತಿ. ಜ್ಯಾಬ್ (ಮುಂದಿನ ಕೈಯ ನೇರ ಹೊಡೆತ) ತಡೆಯೋದೂ ಅದೇ, ಎಡ ಹುಕ್ (ಪಕ್ಕದಿಂದ ಬಳಸಿ ಬರೋ ಹೊಡೆತ) ತಡೆಯೋದೂ ಅದೇ, ಲಿವರ್ ಕಾಯೋದೂ ಅದರ ಮೊಣಕೈಯೇ. ಹಾಗಾಗಿ ದಾಳಿ ಎಡಗೈಯಿಂದಲೇ ಶುರುವಾಗಬೇಕು. ಜ್ಯಾಬ್ ತೋರಿಸಿ ಬಲ ಅಂಗೈಯನ್ನ ಮುಂದಕ್ಕೆ ಎಳೀಬೇಕು, ಎಡ ಹುಕ್ ಪಕ್ಕೆಗೆ ಹಾಕಿ ಮೊಣಕೈ ಕೆಳಗೆ ಇಳಿಸಬೇಕು, ಕೈ ಹಿಂದೆ ತೆಗೀದೆ ಅದೇ ಹುಕ್ಕನ್ನ ತಲೆಗೆ ಎತ್ತಬೇಕು. ಒಂದೇ ಕೈಯಿಂದ ಕೆಳಗೆ-ಮೇಲೆ ಎರಡು ಏಟು ಹಾಕೋದು ಡುರಾನ್‌ನ ದಿನನಿತ್ಯದ ಕೆಲಸ.

ಡುರಾನ್ ಬರೀ ನುಗ್ಗೋ ಗೂಳಿ ಅಂದುಕೊಂಡವರು ಅವನ ಪಾದ ನೋಡಿಲ್ಲ. ಅರ್ಧ ಹೆಜ್ಜೆ ಇಟ್ಟು ಹುಸಿ ತೋರಿಸ್ತಾನೆ, ಎದುರಿನವನು ಕೈ ಬಿಟ್ಟ ಕೂಡಲೇ ಅದರ ಹೊರಗಡೆ ತಲೆ ಜಾರಿಸಿ ಒಳಗೆ ಬರ್ತಾನೆ. ಒಳಗೆ ಬಂದ ಮೇಲೆ ನೆತ್ತಿಯನ್ನ ಎದುರಾಳಿಯ ಭುಜದ ಕೆಳಗೆ ಒತ್ತಿ, ಒಂದು ಮುಂಗೈಯಿಂದ ತೋಳು ತಡೆದು, ಇನ್ನೊಂದರಿಂದ ಹೊಡೀತಾನೆ. ನಮ್ಮ ಜಾತ್ರೆ ಕುಸ್ತಿಯಲ್ಲಿ ಪೈಲ್ವಾನರು ಕುತ್ತಿಗೆ-ತೋಳಿಗೆ ಕೊಡ್ತಾರಲ್ಲ, ಅದೇ ಒತ್ತಡ. ಭುಜವೇ ಒತ್ತಿಹೋದರೆ ಭುಜ ತಿರುಗಿಸೋದು ಎಲ್ಲಿಂದ? ಕಾಸ್ಟಿಯೊ ಹಗ್ಗದ ಮೇಲೆ ಮಾಡಿದ್ದು ಇದರ ಒರಟು ರೂಪ. ಡುರಾನ್ ಅವನಿಗಿಂತ ಬೇಗ, ಅವನಿಗಿಂತ ಚಾಲಾಕಿ.

15 ಸುತ್ತಾದರೆ ಡುರಾನ್, ಅಂಕದ ಮೇಲೆ.

ಪೆನ್ಷನ್_ಕೌಂಟರ್ (ಹಾಸನ)

ಏಪ್ರಿಲ್ ಹೇಳಿದ್ರಿ, ಡಿಸೆಂಬರ್ ಯಾಕೆ ನುಂಗಿದ್ರಿ? ಅದೇ ವರ್ಷದ ಡಿಸೆಂಬರ್ 7ಕ್ಕೆ ಅದೇ ಕಾಸ್ಟಿಯೊ. ಮೇವೆದರ್ ಹಗ್ಗಕ್ಕೆ ಒರಗೋದು ಬಿಟ್ಟ, ಜ್ಯಾಬ್ ಹೆಚ್ಚಿಸಿದ, ಹೊಡೆದ ಮೇಲೆ ಅದೇ ಜಾಗದಲ್ಲಿ ನಿಲ್ಲಲಿಲ್ಲ. 115-113 ಎರಡು, 116-113 ಒಂದು. ಬಿಗಿಯಾದ ಪಂದ್ಯವೇ, ಆದರೆ ಕಳ್ಳತನ ಅಂತ ಯಾರೂ ಕೂಗಲಿಲ್ಲ. 2002ರ ಮೇವೆದರ್ ಅಂದ ಮೇಲೆ ಪಾಠ ಕಲಿತವನನ್ನೇ ತಗೋಬೇಕು.

ಡುರಾನ್‌ನ ಹಳೇ ಚಾಳಿ ಒಂದಿದೆ. ಮೊದಲ ಸುತ್ತಿನಲ್ಲಿ ಲೆಕ್ಕ ಹಾಕದೆ ಒಳಗೆ ಬರ್ತಾನೆ. ಡಿ ಹೆಸೂಸ್ 1972ರಲ್ಲಿ ಎಡ ಹುಕ್‌ನಿಂದ ಮೊದಲ ಸುತ್ತಿನಲ್ಲೇ ಕೆಡವಿ ಆ ಪಂದ್ಯ ಗೆದ್ದ. 1974ರಲ್ಲೂ ಮೊದಲ ಸುತ್ತಿನಲ್ಲೇ ಕೆಡವಿದ (ಆಮೇಲೆ 11ರಲ್ಲಿ ಡಿ ಹೆಸೂಸ್ ತಾನೇ ಸೋತ ಅನ್ನೋದು ನಿಜ). ನುಗ್ಗುವವನಿಗೆ ಎಡ ಹುಕ್ ಅಂದ್ರೆ ಮೇವೆದರ್ ಅಂಗಡಿ ಸರಕು: ಎಡಗಾಲಿನ ಮೇಲೆ ಗಿರಕಿ ಹೊಡೆದು, ದಾರಿ ಬಿಟ್ಟು, ಹೋಗುವವನ ದವಡೆಗೆ ಹುಕ್. 2007ರಲ್ಲಿ ರಿಕಿ ಹ್ಯಾಟನ್ 10ನೇ ಸುತ್ತಿನಲ್ಲಿ ಅದನ್ನ ತಿಂದು ತಲೆಯನ್ನ ಮೂಲೆಯ ಕಂಬಕ್ಕೆ ಕೊಟ್ಟ.

ಇನ್ನೊಂದು, ಎಡ್ವಿನ್ ವಿರುಏಟ್. ಕೈಚಳಕ, ಕಾಲ್ಚಳಕದವನು, ಹೊಡೆತದಲ್ಲಿ ದಮ್ಮಿಲ್ಲ. ಅವನನ್ನೂ 1977ರಲ್ಲಿ ಡುರಾನ್ 15 ಸುತ್ತು ಆಡಿ ಅಂಕದ ಮೇಲೆ ಗೆಲ್ಲಬೇಕಾಯ್ತು, ಮಲಗಿಸೋಕೆ ಆಗಲಿಲ್ಲ. ಅದೇ ಕಾಲಿಗೆ ಮೇವೆದರ್‌ನ ಬಲಗೈ ಸೇರಿಸಿ ನೋಡಿ.

12 ಸುತ್ತು, 20 ಅಡಿ: ಸುತ್ತಿನ ಲೆಕ್ಕದಲ್ಲಿ ಮೇವೆದರ್ 7-5.

ಹೇಮಾವತಿ_ಜ್ಯಾಬ್ (ಹಾಸನ)

ಬಾಕ್ಸರ್ ಮಾರ್ಕೋಸ್ ಮೈದಾನಾ 2014ರಲ್ಲಿ ಮೇವೆದರ್ ಭುಜದ ಮೇಲಿಂದ ಬಳಸಿ ಬಲಗೈ ಹಾಕಿದ್ನಲ್ಲ, ಅದು ಡುರಾನ್‌ಗೆ ಬರಲ್ವಾ? ರೆಫರಿ ಬಗ್ಗೆ ಯಾರೂ ಮಾತಾಡಿಲ್ಲ.

ಗಿರಿ_ಕಾರ್ನರ್ (ಚಿಕ್ಕಮಗಳೂರು)

ಬರುತ್ತೆ, ಆದರೆ ಅದು ಹಗ್ಗದ ಹತ್ತಿರ ಮಾತ್ರ. ರಿಂಗ್ ಮಧ್ಯದಲ್ಲಿ ಆ ಹೊಡೆತ ಬಹಳ ಉದ್ದ. ಮೇವೆದರ್ ಅರ್ಧ ಅಡಿ ಹಿಂದೆ ಒರಗಿದರೆ ಕೈ ಗಾಳಿಗೆ ಹೋಗುತ್ತೆ, ಹೊಡೆದವನ ಎದೆ ತೆರೆದುಕೊಳ್ಳುತ್ತೆ. ಹಗ್ಗಕ್ಕೆ ಬೆನ್ನು ತಾಗಿದಾಗ ಒರಗೋಕೆ ಜಾಗ ಇರಲ್ಲ, ಏಟು ಕಿವಿಯ ಮೇಲೆ ಬೀಳುತ್ತೆ.

ರೆಫರಿ ಮಾತು ಸರಿಯಾಗಿ ಕೇಳಿದ್ರಿ. ಹ್ಯಾಟನ್ ಪಂದ್ಯದಲ್ಲಿ ತಬ್ಬಿದ ತಕ್ಷಣ ಬಿಡಿಸ್ತಿದ್ರು, 6ರಲ್ಲಿ ಹ್ಯಾಟನ್‌ಗೆ ಒಂದು ಅಂಕವೂ ಹೋಯ್ತು. ಅಂಥ ರೆಫರಿ ಇದ್ದರೆ ಡುರಾನ್‌ನ ಒಳಗಿನ ಕೆಲಸ ಅರ್ಧಕ್ಕೇ ನಿಂತುಹೋಗುತ್ತೆ. ಒಂದು ಕೈ ಖಾಲಿ ಇರೋವರೆಗೆ ಆಡಲು ಬಿಡುವ ರೆಫರಿ ಆದರೆ 8ನೇ ಸುತ್ತಿನಿಂದ ಪಕ್ಕೆ ಏಟಿನ ಫಲ ಕಾಣುತ್ತೆ: ಮೇವೆದರ್ ಬಲ ಮೊಣಕೈ ಕೆಳಗೇ ಉಳಿಯುತ್ತೆ, ಬಲಗೈ ಪ್ರತಿಹೊಡೆತ ತಡವಾಗುತ್ತೆ.

ಸಕಲೇಶಪುರ_ಸೌತ್‌ಪಾ

ಹಾಗಾದ್ರೆ ರಾಜಿ: 15 ಸುತ್ತು, ಹಿಂದಿನ ದಿನ ತೂಕ, 18 ಅಡಿ ರಿಂಗ್, ಒಳಗೆ ಆಡಲು ಬಿಡುವ ರೆಫರಿ.

ಪೆನ್ಷನ್_ಕೌಂಟರ್ (ಹಾಸನ)

ಇದು ರಾಜಿಯೇನ್ರೀ, ನಾಲ್ಕರಲ್ಲಿ ಮೂರು ಡುರಾನ್‌ಗೇ ಬರೆದುಕೊಟ್ರಲ್ಲ! ಆಗಲಿ, ಈ ಷರತ್ತಿಗೆ ಡುರಾನ್ 8-7 ಅಂತ ಒಪ್ತೀನಿ. ತೂಕ ಮಾತ್ರ ಪಂದ್ಯದ ದಿನ ಬೆಳಿಗ್ಗೆಗೆ ಹಾಕಿ, ಮತ್ತೆ ಮೇವೆದರ್‌ಗೇ ನನ್ನ ಓಟು.