ಬಚ್ಚಲ ಹಿಂದಿನ ನೆರಳು, ತೇವದ ಜಾಗಕ್ಕೆ ಯಾವ ಹೂವಿನ ಗಿಡ?

ಪ್ರಶ್ನೆ (ಸಾಗರ):
ನಮ್ಮನೆ ಬಚ್ಚಲ ಹಿಂದೆ ಒಂದು ತುಂಡು ಜಾಗ ಇದೆ. ಮೇಲೆ ಹಲಸಿನ ಮರ, ಪಕ್ಕದ ಜಂಬಿಟ್ಟಿಗೆ ಕಟ್ಟೆ ಪೂರ್ತಿ ಪಾಚಿ. ಬೆಳಿಗ್ಗೆ ಸ್ವಲ್ಪ ಹೊತ್ತು ಪೂರ್ವದ ಅಂಚಿಗೆ ಎಳೆಬಿಸಿಲು ಬೀಳುತ್ತೆ, ಆಮೇಲೆ ನೆರಳೇ. ಬೇಸಿಗೆಯಲ್ಲೂ ಮಣ್ಣು ಒಣಗಲ್ಲ. ದಾಸವಾಳ ಎತ್ತರಕ್ಕೆ ಹೋಗುತ್ತೆ, ಮೊಗ್ಗೇ ಇಲ್ಲ. ಅತ್ತೆಗೆ ದೇವರಿಗೆ ಏರಿಸಲು ಹೂ ಬೇಕು. ಬರೀ ಎಲೆಯ ಗಿಡ ಬೇಡ, ಹೂ ಬಿಡುವಂಥದ್ದೇ ಹೇಳಿ.

ಉತ್ತರ (ಶಿರಸಿ):
ತಂಗೀ, ದಾಸವಾಳಕ್ಕೆ ಬಿಸಿಲೇ ಬೇಕು, ಅದನ್ನು ಅಂಗಳಕ್ಕೆ ತಂದು ನೆಡು. ಈ ಜಾಗದಲ್ಲಿ ನೀರು ನಿಲ್ಲುತ್ತದೋ, ಬರೀ ತೇವವೋ ಅಂತ ಮೊದಲು ತಿಳ್ಕೊ. ಗೇಣುದ್ದದ ಗುಂಡಿ ತೋಡಿ ಒಂದು ಕೊಡ ನೀರು ಹೊಯ್ಯಿ. ಸಂಜೆವರೆಗೂ ಇಂಗದಿದ್ದರೆ, ಅಡಿಕೆ ತೋಟಕ್ಕೆ ಮಾಡುವ ಹಾಗೆ ಸಣ್ಣ ಬಸಿಗಾಲುವೆ ತೆಗೆದು, ನಡುವೆ ಮಣ್ಣೇರಿಸು. ನೆರಳಿಗಿಂತ ನಿಂತ ನೀರೇ ಗಿಡಗಳನ್ನು ಹೆಚ್ಚು ಕೊಲ್ಲುತ್ತದೆ. ಸೋಪಿನ ನೀರು ಬುಡಕ್ಕೆ ಹರಿಯದಂತೆ ಬೇರೆ ಕಡೆ ತಿರುಗಿಸು.

ಆಮೇಲೆ, ಕಣ್ಣು ಮುಚ್ಚಿ ಸುರುಳಿ ಸುಗಂಧಿ ನೆಡು. ಶುಂಠಿ ಜಾತಿಯದು, ತೇವ ಅಂದರೆ ಅದಕ್ಕೆ ಪ್ರಾಣ. ಮಳೆ ಹಿಡಿಯುವ ಹೊತ್ತಿಗೆ, ಕಣ್ಣಿರುವ ಗೆಡ್ಡೆಯನ್ನು ಎರಡು ಇಂಚು ಆಳದಲ್ಲಿ, ಎಳೆಬಿಸಿಲು ಬೀಳುವ ಅಂಚಿಗೇ ಹಾಕು. ಸಂಜೆಯಾದರೆ ಸುರುಳಿ ಬಿಚ್ಚಿ ಬಿಳಿ ಚಿಟ್ಟೆಯಂಥ ಹೂ ಅರಳುತ್ತದೆ, ಪರಿಮಳ ಅಡುಗೆಮನೆ ತನಕ ಬರುತ್ತದೆ. ದೇವರಿಗೂ ಆಯಿತು, ಮುಡಿಗೂ ಆಯಿತು. ಹೂ ಮುಗಿದ ದಂಟು ಮತ್ತೆ ಹೂ ಬಿಡುವುದಿಲ್ಲ, ಬುಡಕ್ಕೆ ಕತ್ತರಿಸಿದರೆ ಪಕ್ಕದಲ್ಲಿ ಹೊಸದು ಬರುತ್ತದೆ. ಹರಡುವ ಗಿಡ, ಹಳ್ಳದ ಕಡೆ ಹೋಗಲು ಬಿಡಬೇಡ.

ಅದರ ಮುಂದೆ ಕರ್ಣಕುಂಡಲ. ಇದರ ಕಾಡು ಬಳಗವೆಲ್ಲ ಮಳೆಗಾಲದಲ್ಲಿ ಧರೆ ಮೇಲೆ, ಹಳ್ಳದ ಬದಿಯಲ್ಲಿ ತಾನಾಗಿ ಹೂ ಬಿಡುವುದನ್ನು ನೀನೂ ನೋಡಿರುತ್ತೀಯ. ಮುಂಗಾರಿಗೆ ಬೀಜ ಎಸೆದರೆ ಚೌತಿ ಹೊತ್ತಿಗೆ ಹೂ. ಬಲಿತ ಕಾಯಿ ಬೆರಳು ತಾಗಿದರೆ ಸಿಡಿದು ಸುರುಳಿಯಾಗುತ್ತದೆ, ಮುಂದಿನ ವರ್ಷದ ಬಿತ್ತನೆಯನ್ನು ಗಿಡವೇ ಮಾಡಿಕೊಳ್ಳುತ್ತದೆ. ದಂಟು ನೀರು ನೀರಾಗಿರುತ್ತದೆ, ಕೆಸರಾದರೆ ಕೊಳೆಯುತ್ತದೆ, ಅದಕ್ಕೇ ಏರು ಮಡಿ ಅಂದದ್ದು.

ಹಲಸಿನ ಮರವನ್ನೂ ಬಿಡಬೇಡ! ಗಾಳಿಗೆ ಬಿದ್ದ ಕೊಂಬೆಯಲ್ಲಿ ಸೀತಾಳೆ ದಂಡೆ (ಮರದ ಮೇಲೆ ಬೆಳೆಯುವ ಆರ್ಕಿಡ್) ಸಿಕ್ಕರೆ ತಂದು ಕಾಂಡಕ್ಕೆ ತೆಂಗಿನ ನಾರಿನಲ್ಲಿ ಕಟ್ಟು. ಮಣ್ಣು ಬೇಡ, ಗೊಬ್ಬರ ಬೇಡ. ಮಳೆಗಾಲದ ಹೊಸ್ತಿಲಲ್ಲಿ ಗೊಂಚಲು ಇಳಿಬೀಳುತ್ತದೆ. ಕಾಡಿನಲ್ಲಿ ಬದುಕಿರುವುದನ್ನು ಮಾತ್ರ ಕೀಳಬೇಡ.

ಉತ್ತರ (ಮಡಿಕೇರಿ):
ಅಕ್ಕ ಹೇಳಿದ್ದು ಸರಿ. ಜಾಗ ಉಳಿದರೆ ಹೈಡ್ರೇಂಜಿಯಾ ಹಾಕಿ. ನಮ್ಮ ಕಡೆಯ ಹುಳಿ ಮಣ್ಣಿನಲ್ಲಿ ನೀಲಿ ಬರುತ್ತದೆ, ಸುಣ್ಣ ಸೇರಿದರೆ ಗುಲಾಬಿಗೆ ತಿರುಗುತ್ತದೆ. ಹಳೇ ಟೊಂಗೆಯಲ್ಲೇ ಮೊಗ್ಗು ಬರುವುದರಿಂದ ಹೂ ಮುಗಿದ ಕೂಡಲೇ ಸವರಿ, ಚಳಿಗಾಲದಲ್ಲಿ ಕತ್ತರಿ ಮುಟ್ಟಿಸಬೇಡಿ.

ಪ್ರಶ್ನೆ ಕೇಳಿದವರು:
ಅಕ್ಕಾ, ಗೆಡ್ಡೆ ಪಕ್ಕದ ಮನೆಯಲ್ಲೇ ಇದೆ! ಆದರೆ ನಮ್ಮ ಬಚ್ಚಲ ಹಿಂದೆ ಬಸವನಹುಳು ವಿಪರೀತ. ಕರ್ಣಕುಂಡಲದ ಸಸಿ ಉಳಿದೀತಾ?

ಉತ್ತರ (ಶಿರಸಿ):
ಸಸಿ ಗೇಣುದ್ದ ಆಗುವ ತನಕ ಕಾಯಬೇಕು. ಸಂಜೆ ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯಿ ಎಲೆ ಇಟ್ಟು ಬಾ. ರಾತ್ರಿ ಅಲ್ಲೇ ಬಂದು ಸೇರುತ್ತವೆ. ಬೆಳಿಗ್ಗೆ ಕೈಗವಸು ಹಾಕಿಕೊಂಡು ಆರಿಸಿ, ಬಕೆಟ್ಟಿನ ಉಪ್ಪುನೀರಿಗೆ ಹಾಕು. ಆ ನೀರನ್ನು ಮಡಿಗೆ ಚೆಲ್ಲಬೇಡ, ಗಿಡ ಸುಡುತ್ತದೆ.