ಹಿತ್ತಲಿನ ಪೇರಲ ಹಣ್ಣೆಲ್ಲ ಅಳಿಲಿನ ಪಾಲು, ಏನು ಮಾಡಲಿ?

ಹಿತ್ತಲ ಅಕ್ಕ, ಧಾರವಾಡ

ನಮಸ್ಕಾರ ರೀ. ಮನೆ ಸಾಧನಕೇರಿ ಹತ್ತಿರ. ಹಿತ್ತಲಲ್ಲಿ ಒಂದು ಪೇರಲ, ಒಂದು ಚಿಕ್ಕು, ಒಂದಿಷ್ಟು ಕಾಯಿಪಲ್ಯದ ಮಡಿ ಇವೆ. ಪೇರಲ ಎಲ್-49 ತಳಿ, ಈ ಸಲ ಗಿಡದ ತುಂಬ ಕಾಯಿ. ಆದರೆ ನಮಗೆ ಸಿಗೋದು ಬರೀ ಎಂಜಲು. ಪೂರ್ತಿ ತಿಂದರೆ ಬೇಜಾರಿಲ್ಲ, ಎರಡು ಕಡೆ ಹಲ್ಲು ಹಾಕಿ, ಬೀಜದ ತನಕ ಕೊರೆದು, ಅರ್ಧಕ್ಕೇ ಬಿಟ್ಟು ಮುಂದಿನ ಹಣ್ಣಿಗೆ ಹೋಗುತ್ತದೆ. ಆಮೇಲೆ ಅದಕ್ಕೆ ಇರುವೆ ಮುತ್ತುತ್ತವೆ. ಶೇಂಗಾ ಊರಿದರೆ ಮರುದಿನ ಮಡಿಯಲ್ಲಿ ಸಣ್ಣ ಸಣ್ಣ ಕುಳಿ, ಪಕ್ಕದಲ್ಲೇ ಸಿಪ್ಪೆ. ನೈಲಾನ್ ಬಲೆ ಕಡಿದು ಹಾಕಿತು. ಖಾರಪುಡಿ ನೀರು ಹೊಡೆದೆ, ಮಳೆಗೆ ತೊಳೆದು ಹೋಯಿತು. ವಿಷ ಇಡೋ ಮಾತೇ ಇಲ್ಲ. ರಾಮನ ಸೇತುವೆಗೆ ಮರಳು ಹೊತ್ತ ಪ್ರಾಣಿ, ಎರಡು ಹಣ್ಣು ತಿಂದರೆ ಏನಾಯ್ತು ಅಂತಾರೆ ನಮ್ಮ ಅತ್ತೆ. ಎರಡಾದರೆ ನಾನ್ಯಾಕೆ ಕೇಳ್ತಿದ್ದೆ?

ನವಲೂರ ಪೇರಲ

ಅಕ್ಕಾರ, ಗಿಡಕ್ಕೆ ಬಲೆ ಬೇಡ, ಹಣ್ಣಿಗೆ ಹಾಕಿ. ನೈಲಾನ್ ಬಲೆಯಲ್ಲಿ ಸಿಕ್ಕಿಕೊಂಡು ಒದ್ದಾಡೋದು ಹಕ್ಕಿ, ಓತಿಕೇತ, ಹಾವು. ಅಳಿಲಿನ ಮುಂದಿನ ಹಲ್ಲು ಸಾಯೋ ತನಕ ಬೆಳೀತಾನೇ ಇರುತ್ತದೆ, ಕಡಿಯೋದು ಅದಕ್ಕೆ ಅನಿವಾರ್ಯ.

ಕಿಟಕಿಗೆ ಹಾಕೋ ಅಲ್ಯೂಮಿನಿಯಂ ಸೊಳ್ಳೆ ಜಾಳಿಗೆ ತನ್ನಿ, ಮನೆ ಕತ್ತರಿಯಲ್ಲೇ ಕತ್ತರಿಸಬಹುದು. ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ ಇರೋ ತುಂಡನ್ನು ಸುರುಳಿ ಸುತ್ತಿ, ಅಂಚು ಮಡಚಿ ಸ್ಟೇಪ್ಲರ್ ಹೊಡೆಯಿರಿ. ಕೆಳಗಿನ ಬಾಯಿಯನ್ನೂ ಹಾಗೇ ಮುಚ್ಚಿ. ಕಾಯಿ ನಿಂಬೆಹಣ್ಣಿನಷ್ಟು ಆದಾಗ ತೊಡಿಸಿ. ಆದರೆ ತಂತಿಯನ್ನು ತೊಟ್ಟಿಗೆ ಬಿಗಿಯಬೇಡಿ, ಅದು ಹುಟ್ಟಿರೋ ಕೊಂಬೆಗೆ ಕಟ್ಟಿ. ಇಲ್ಲಾಂದ್ರೆ ಗಾಳಿಗೆ ತೂಗಾಡಿ ಕಾಯಿ ಉದುರುತ್ತದೆ. ಹಳೆ ಸೀರೆಯ ಚೀಲ ಮಾತ್ರ ಬೇಡ, ಗೂಡಿಗೆ ಆಗುತ್ತೆ ಅಂತ ಅದನ್ನೇ ಹರಿದುಕೊಂಡು ಹೋಗುತ್ತದೆ. ಇನ್ನೊಂದು ಲಾಭ ಏನಂದ್ರೆ, ಮಳೆಗಾಲದ ಪೇರಲದಲ್ಲಿ ಹುಳ ಬರೋದು ಹಣ್ಣುನೊಣ ಕಾಯಿಯೊಳಗೆ ಮೊಟ್ಟೆ ಇಡೋದರಿಂದ, ಜಾಳಿಗೆ ಇದ್ದರೆ ಅದಕ್ಕೂ ದಾರಿ ಇಲ್ಲ. ಕೈಗೆ ಎಟುಕೋ ಕಾಯಿಗಷ್ಟೇ ಹಾಕಿ, ತುದಿಯವು ಅಳಿಲಿಗೂ ಗಿಳಿಗೂ ಇರಲಿ, ಅತ್ತೆಯವರಿಗೂ ಸಮಾಧಾನ.

ಬ್ಯಾಡಗಿ ಹುಡುಗ

ಖಾರ ಯಾವುದು ಹಾಕಿದಿರಿ? ನಮ್ಮ ಬ್ಯಾಡಗಿ ಪುಡಿ ಆಗಿದ್ದರೆ ಅಳಿಲು ಮಸಾಲೆ ಹಚ್ಚಿ ಕೊಟ್ಟಿದಾರೆ ಅಂದುಕೊಂಡಿರುತ್ತೆ 😄 ಅದು ಬಣ್ಣಕ್ಕೆ ಹೆಸರಾದ ಮೆಣಸಿನಕಾಯಿ, ಖಾರ ಕಡಿಮೆ. ಗುಂಟೂರು ಇಲ್ಲವೇ ಲವಂಗಿ ಬೇಕು. ಅದೂ ಬಿಸಿಲಿನ ದಿನಗಳಲ್ಲಿ ಮಾತ್ರ, ಮಳೆಯಲ್ಲಿ ಸುಮ್ನೆ ದಂಡ. ಹಕ್ಕಿಗಳಿಗಂತೂ ಮೆಣಸಿನ ಖಾರ ತಟ್ಟೋದೇ ಇಲ್ಲ, ಗಿಳಿ ಹಸಿಮೆಣಸಿನಕಾಯಿ ತಿನ್ನೋದು ನೋಡಿಲ್ವಾ? ಶೇಂಗಾ ಮಡಿಗೆ ಅರ್ಧ ಇಂಚು ಕಣ್ಣಿನ ಕಬ್ಬಿಣದ ಜಾಳಿಗೆ ಹಾಸಿ, ಅಂಚನ್ನು ಮಣ್ಣಲ್ಲಿ ಹೂತುಬಿಡಿ. ಸಸಿ ಎದ್ದು ನಿಂತ ಮೇಲೆ ತೆಗೆದರಾಯ್ತು, ಆಗ ಕಾಳಿನ ಆಸೆಗೆ ಕೆದರೋದು ಬಿಡುತ್ತದೆ.

ಮಾಳಿಗಿ ತೋಟ

ನುಸಿಗುಳಿಗೆ ಪುಡಿ ಮಾಡಿ ಬುಡಕ್ಕೆ ಹಾಕಿ, ವಾಸನೆಗೆ ಬರಲ್ಲ.

ಗದಗಿನ ಬಿಸಿಲು

ದಯವಿಟ್ಟು ಬೇಡ ರೀ. ಅದೂ ವಿಷನೇ. ಮಣ್ಣಿಗೆ ಸೇರುತ್ತೆ, ಸಣ್ಣ ಮಕ್ಕಳು ಪೆಪ್ಪರಮೆಂಟ್ ಅಂತ ಬಾಯಿಗೆ ಹಾಕಿಕೊಂಡರೆ ಆಸ್ಪತ್ರೆಗೆ ಓಡಬೇಕಾಗುತ್ತೆ.

ಯಾರಾದರೂ ಕಾಂಡಕ್ಕೆ ತಗಡು ಸುತ್ತಿ ಅಂತ ಹೇಳಿದರೆ ಅದು ತೆಂಗಿಗೆ ಸರಿ, ಸುತ್ತ ಬೇರೆ ಗಿಡ, ಗೋಡೆ, ಕೇಬಲ್ ಇಲ್ಲದಿದ್ದರೆ. ಪೇರಲ ಮೊಣಕಾಲೆತ್ತರದಲ್ಲೇ ಕವಲೊಡೆಯುತ್ತೆ, ಎಲ್ಲಿ ಅಂತ ಸುತ್ತುತ್ತೀರಿ? ಕಾಂಪೌಂಡ್ ಮೇಲೆ, ಮಾಳಿಗೆ ಮೇಲೆ ಬಾಗಿರೋ ಕೊಂಬೆ ಮೊದಲು ಕಡಿಸಿ. ಬೇಸಿಗೆಯಲ್ಲಿ ಒಂದು ಮಣ್ಣಿನ ತಟ್ಟೆಯಲ್ಲಿ ನೀರಿಡಿ, ಹಣ್ಣಿನ ಗಿಡದಿಂದ ದೂರ. ನಮ್ಮಲ್ಲಿ ಅದಾದ ಮೇಲೆ ಟೊಮ್ಯಾಟೊ ಕಚ್ಚೋದು ಕಡಿಮೆಯಾಯ್ತು. ಹನಿ ನೀರಾವರಿ ಪೈಪ್ ಇದ್ದರೆ ಅದನ್ನೂ ನೋಡಿಕೊಳ್ಳಿ. ನಮ್ಮದನ್ನು ತೂತು ಮಾಡಿತ್ತು, ಈಗ ಮಣ್ಣಲ್ಲಿ ಹೂತಿದ್ದೇವೆ.

ಹಿತ್ತಲ ಅಕ್ಕ, ಧಾರವಾಡ

ಜಾಳಿಗೆ ಐಡಿಯಾ ಚಲೋ ಇದೆ, ಈ ವಾರವೇ ತರ್ತೀನಿ. ಚಿಕ್ಕುಗೂ ಇದನ್ನೇ ಮಾಡಬೇಕಾ? ಅದು ಎತ್ತರ ಬೆಳೆದಿದೆ.

ನವಲೂರ ಪೇರಲ

ಚಿಕ್ಕುಗೆ ಇಷ್ಟೆಲ್ಲ ಬೇಡ ಅಕ್ಕಾರ. ಅದನ್ನು ಗಿಡದಲ್ಲಿ ಹಣ್ಣಾಗೋಕೆ ಬಿಡೋದೇ ತಪ್ಪು. ಮೈಮೇಲಿನ ಕಂದು ಹುಡಿ ಉದುರೋಕೆ ಶುರುವಾದಾಗ ಉಗುರಿನಿಂದ ಸ್ವಲ್ಪ ಗೀರಿ ನೋಡಿ. ಒಳಗೆ ಹಸಿರಿದ್ದು ಹಾಲು ಬಂದರೆ ಬಿಡಿ, ಹಳದಿ ಇದ್ದರೆ ಕೀಳಿ. ಅಕ್ಕಿ ಡಬ್ಬದಲ್ಲಿಟ್ಟರೆ ಕೆಲವೇ ದಿನಕ್ಕೆ ಮೆತ್ತಗಾಗುತ್ತದೆ. ಪೇರಲವನ್ನೂ ದೋರಗಾಯಿ ಇರುವಾಗಲೇ ಕಿತ್ತರೆ ಅಳಿಲಿಗಿಂತ ಮುಂಚೆ ನಿಮ್ಮ ಕೈಗೆ ಸಿಗುತ್ತದೆ, ಆದರೆ ಡಬ್ಬದ ಮುಚ್ಚಳ ಬಿಗಿಯಾಗಿ ಹಾಕಿ, ಅಡುಗೆಮನೆ ಕಿಟಕಿಯಿಂದಲೂ ಬರುತ್ತವೆ ಈ ಪುಣ್ಯಾತ್ಮರು.