ನಗರದ ಬಾಡಿಗೆ ಮಿತಿ ನಮ್ಮ ಕಡಿಮೆ ಬಾಡಿಗೆ ಮನೆಗಳಿಗೂ ಬೀಳುತ್ತಾ?

ಪ್ರಶ್ನೆ: ಸರ್, ನಾನು ಕ್ಯಾಲಿಫೋರ್ನಿಯಾದ ಒಂದು ಲಾಭರಹಿತ ವಸತಿ ಸಂಸ್ಥೆಯ ಬೋರ್ಡಿನಲ್ಲಿದ್ದೇನೆ. ನಮ್ಮದು 50 ಮನೆಗಳ ಕಟ್ಟಡ. 1992ರಲ್ಲಿ ಟ್ಯಾಕ್ಸ್ ಕ್ರೆಡಿಟ್ ಹಣದಲ್ಲಿ (ಕಡಿಮೆ ಆದಾಯದವರ ಮನೆ ಕಟ್ಟಲು ಸಿಗುವ ತೆರಿಗೆ ರಿಯಾಯಿತಿ) ಕಟ್ಟಿದ್ದು, ಬಾಡಿಗೆಯನ್ನು ಒಂದು ಮಿತಿಯೊಳಗೆ ಇಡಬೇಕೆಂಬ ಕರಾರು ಇನ್ನೂ ಜಾರಿಯಲ್ಲಿದೆ. ಈಗ ನಗರದವರು ಬಾಡಿಗೆ ಏರಿಕೆಗೆ ವರ್ಷಕ್ಕೆ ಶೇ 3ರ ಮಿತಿ ತರಲು ಹೊರಟಿದ್ದಾರೆ. ನಮ್ಮ ಬಾಡಿಗೆ ಮೊದಲೇ ಕಡಿಮೆ. ನಮಗೂ ಇದು ಅನ್ವಯಿಸುತ್ತಾ?

ಉತ್ತರ: ಮೇಡಂ, ರಾಜ್ಯದ ಸಾಮಾನ್ಯ ಬಾಡಿಗೆ ಮಿತಿ ಕಾನೂನಿನ ಚಿಂತೆ ಬೇಡ. 2020ರಿಂದ ಜಾರಿಯಲ್ಲಿರುವ ಆ ಕಾನೂನು, ಎಬಿ 1482, ಕರಾರಿನ ಮೂಲಕ ಕಡಿಮೆ ಆದಾಯದವರಿಗೇ ಮೀಸಲಾದ ಮನೆಗಳನ್ನು ಮುಟ್ಟುವುದಿಲ್ಲ. ನಗರದ ನಿಯಮ ಬೇರೆ. ಅದರಲ್ಲಿ ನಿಮ್ಮಂಥವರಿಗೆ ವಿನಾಯಿತಿ ಎಂದು ಬರೆದಿದೆಯಾ, ಮೊದಲು ಅದನ್ನು ನೋಡಿ. ರಾಜ್ಯದ್ದೇ ಇನ್ನೊಂದು ಕಾನೂನಾದ ಕೋಸ್ಟಾ-ಹಾಕಿನ್ಸ್ ಕಾಯ್ದೆ 1995ರ ಫೆಬ್ರವರಿ ನಂತರದ ಕಟ್ಟಡಗಳನ್ನು ನಗರದ ಮಿತಿಯಿಂದ ಹೊರಗಿಡುತ್ತದೆ. ನಿಮ್ಮದು ಅದಕ್ಕಿಂತ ಹಳೆಯದು, ಹಾಗಾಗಿ ಆ ರಕ್ಷಣೆ ನಿಮಗಿಲ್ಲ.

ವಿನಾಯಿತಿ ಇಲ್ಲದಿದ್ದರೆ ನಿಮ್ಮ ತಲೆ ಮೇಲೆ ಎರಡು ಮಿತಿ: ಟ್ಯಾಕ್ಸ್ ಕ್ರೆಡಿಟ್‌ನದ್ದು, ನಗರದ್ದು. ಯಾವುದು ಕಡಿಮೆಯೋ ಅದೇ ನಡೆಯುತ್ತದೆ. ಲೆಕ್ಕ ಹಾಕಿ ನೋಡಿ. ಮನೆಗೆ ತಿಂಗಳಿಗೆ 1,000 ಡಾಲರ್ ಎಂದರೆ 50 ಮನೆಗಳಿಂದ ವರ್ಷಕ್ಕೆ 6,00,000. ಶೇ 3 ಏರಿಸಿದರೆ ಬರುವುದು 18,000. ಕಟ್ಟಡದ ವಿಮೆ 40,000ದಿಂದ 60,000ಕ್ಕೆ ಹೋದರೆ ಅದೊಂದೇ ಇದನ್ನೆಲ್ಲ ನುಂಗಿಬಿಡುತ್ತದೆ. ಸಂಬಳ, ನೀರು, ಲಿಫ್ಟ್ ರಿಪೇರಿ ಇನ್ನೂ ಬಾಕಿ.

ಮಾರುಕಟ್ಟೆ ದರದ ಮಾಲೀಕರು ಮನೆ ಖಾಲಿಯಾದಾಗ ಹೊಸಬರಿಗೆ ಎಷ್ಟು ಬೇಕಾದರೂ ಬಾಡಿಗೆ ಹೇಳಬಹುದು, ಆ ಹಕ್ಕನ್ನೂ ಕೋಸ್ಟಾ-ಹಾಕಿನ್ಸ್ ಕೊಟ್ಟಿದೆ. ನಿಮಗೆ ಆ ದಾರಿ ಇಲ್ಲ, ಹೊಸಬರಿಗೂ ಟ್ಯಾಕ್ಸ್ ಕ್ರೆಡಿಟ್ ಮಿತಿ ಇದ್ದೇ ಇರುತ್ತದೆ ಅಲ್ವಾ? ನನ್ನನ್ನು ಹೆಚ್ಚು ಕಾಡುವುದು ಇದೇ. ಬ್ಯಾಂಕಿನ ಕಂತು ತಪ್ಪಿಸುವಂತಿಲ್ಲ. ಕೊನೆಗೆ ಕತ್ತರಿ ಬೀಳುವುದು ಛಾವಣಿ, ಪೈಪುಗಳ ದುರಸ್ತಿಗೆ. ತೊಂದರೆ ಬಾಡಿಗೆದಾರರಿಗೇ.

ಮಿನ್ನೆಸೋಟದ ಸೇಂಟ್ ಪಾಲ್ ನಗರದಲ್ಲಿ 2021ರಲ್ಲಿ ಜನ ಮತ ಹಾಕಿ ಶೇ 3ರ ಮಿತಿ ತಂದರು. ಹೊಸ ಕಟ್ಟಡಕ್ಕೂ ವಿನಾಯಿತಿ ಇರಲಿಲ್ಲ. ಮರುವರ್ಷವೇ ಕೌನ್ಸಿಲ್ ತಿದ್ದುಪಡಿ ಮಾಡಿ, ಹೊಸ ಕಟ್ಟಡಗಳಿಗೆ 20 ವರ್ಷ ವಿನಾಯಿತಿ ಕೊಟ್ಟಿತು, ಕಡಿಮೆ ಆದಾಯದವರ ಮನೆಗಳನ್ನೂ ಹೊರಗಿಟ್ಟಿತು. ನಿಮ್ಮ ಕೌನ್ಸಿಲ್‌ಗೆ ಈ ಉದಾಹರಣೆ ತೋರಿಸಿ.

ಇನ್ನೊಬ್ಬ ಸದಸ್ಯರು: ಹಾಗಾದರೆ ನಗರದಿಂದ ವಿನಾಯಿತಿ ಸಿಕ್ಕರೆ ಟ್ಯಾಕ್ಸ್ ಕ್ರೆಡಿಟ್ ಮಿತಿಯವರೆಗೂ ಏರಿಸಬಹುದಾ?

ಉತ್ತರ: ನಗರದ ನಿಯಮ ಅಡ್ಡ ಬರುವುದಿಲ್ಲ. ಆದರೆ ನಾನು ಬೇಡ ಅಂತೀನಿ. ಟ್ಯಾಕ್ಸ್ ಕ್ರೆಡಿಟ್ ಮನೆಯ ಗರಿಷ್ಠ ಬಾಡಿಗೆ ನಿಂತಿರುವುದು ಆ ಪ್ರದೇಶದ ಮಧ್ಯಮ ಆದಾಯದ ಮೇಲೆ, ಬಾಡಿಗೆದಾರರ ಸಂಬಳದ ಮೇಲಲ್ಲ. ಊರಿನ ಆದಾಯ ಏರಿದರೆ ಪಿಂಚಣಿಯಲ್ಲಿ ಬದುಕುವ ಅಜ್ಜಿಯ ಬಾಡಿಗೆಯೂ ಏರಬಹುದು. ಸೆಕ್ಷನ್ 8 ವೋಚರ್ (ಸರ್ಕಾರದ ಬಾಡಿಗೆ ನೆರವು) ಇದ್ದವರು ಕೊಡುವ ಪಾಲು ಸಾಮಾನ್ಯವಾಗಿ ಅವರ ಆದಾಯದ ಸುಮಾರು ಶೇ 30, ಹಾಗಾಗಿ ಅವರಿಗೆ ಪೆಟ್ಟು ಕಡಿಮೆ. ವೋಚರ್ ಇಲ್ಲದವರು ಯಾರು ಯಾರು ಎಂದು ಮೊದಲು ಪಟ್ಟಿ ಮಾಡಿ. ಅವರಿಗಾಗಿ ಬೋರ್ಡೇ ಒಂದು ಮಿತಿ ಹಾಕಿಕೊಂಡು ನಿರ್ಣಯ ಬರೆಯಲಿ. ಖರ್ಚಿನ ಲೆಕ್ಕದ ಜೊತೆ ಅದನ್ನೂ ಕೌನ್ಸಿಲ್ ಮುಂದೆ ಇಟ್ಟರೆ, ವಿನಾಯಿತಿ ಕೇಳುವಾಗ ನಿಮ್ಮ ಮಾತಿಗೆ ತೂಕ ಜಾಸ್ತಿ.